ಅಂಗಡಿಯ ನಂಬರು

ಮಾರ್ಚ್ 3, ಸೋಮವಾರ
ನಲವತ್ತೆರಡು ಶರ್ಟು, ಹನ್ನೊಂದು ಪ್ಯಾಂಟು. ಚೀಟಿ ಪಿನ್ ಮಾಡಿ ಮಾಡಿ ಬೆರಳ ತುದಿಯೆಲ್ಲ ತೂತು. ಈ ಲಾಂಡ್ರಿ ಸೇರಿ ಏಳು ತಿಂಗಳು. ಎಲ್ಲಿದ್ದೇನೆಂದು ಗಂಡನಿಗೆ ಗೊತ್ತಿಲ್ಲ. ಅವನು ತಿರುಚಿದ ಮಣಿಕಟ್ಟು ಮಾತ್ರ ಇಸ್ತ್ರಿ ಹಿಡಿದರೆ ಈಗಲೂ ನೋಯುತ್ತದೆ.
ಅಮ್ಮನ ದನಿ ಕೇಳಬೇಕು. ಅಷ್ಟೇ.

ಮಾರ್ಚ್ 5
ಮೆಸೇಜ್ ಆ್ಯಪ್ ಹಾಕಿಕೊಂಡೆ. ಮೊದಲ ಮಾತೇ — ನಂಬರ್ ಕೊಡಿ. ಕೊಟ್ಟರೆ ತವರಿನಲ್ಲಿ ಅಕ್ಕನ ಫೋನಿನಲ್ಲಿ ಕಾಣುತ್ತದೆ. ಆ ಫೋನು ಮನೆಮಂದಿಗೆಲ್ಲ ಸೇರಿದ್ದು. ಗಂಡನೋ, ಅಳಿಯನ ಗತ್ತಿನಲ್ಲಿ ವಾರಕ್ಕೊಮ್ಮೆ ಅಲ್ಲಿ ಹೋಗಿ ಕೂರುತ್ತಾನೆ. ಅಳಿಸಿಬಿಟ್ಟೆ.

ಮಾರ್ಚ್ 6, ಮಧ್ಯಾಹ್ನ
ಉಪಾಯ ಹೊಳೆಯಿತು. ಆ್ಯಪ್ ಮತ್ತೆ ಹಾಕಿಕೊಂಡು ಅಂಗಡಿಯ ಲ್ಯಾಂಡ್‌ಲೈನ್ ನಂಬರ್ ಕೊಟ್ಟೆ. ಆ್ಯಪ್ ಶುರುವಾಗಲು ಬೇಕಾದ ಕೋಡನ್ನು ಫೋನ್ ಮಾಡಿ ಹೇಳುತ್ತಾರಂತೆ. ಕೌಂಟರಿನಲ್ಲಿ ರಿಂಗ್ ಆಯಿತು. ನನಗಿಂತ ಮೊದಲು ಅಂಗಡಿಯ ಒಡತಿ ಮೇಡಂ ಎತ್ತಿದರು.
"ಯಾವಳೋ ಬರೀ ಅಂಕಿ ಹೇಳ್ತಾಳೆ. ಎಷ್ಟು ಬಟ್ಟೆ ಅಂದ್ರೆ ಮತ್ತೆ ಅದೇ ಅಂಕಿ."
"ಬರ್ಕೊಂಡ್ರಾ ಮೇಡಂ?"
"ಬರ್ಕೊಂಡೆ. ನಿಂದಾ? ಏನಾದ್ರೂ ಮಾಡ್ಕೋ ತಾಯಿ."
ನನ್ನ ನಂಬರ್ ಇನ್ನು ಯಾರಿಗೂ ಸಿಗದು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 7
ಅಕ್ಕ ಅಮ್ಮನ ದನಿ ರೆಕಾರ್ಡ್ ಮಾಡಿ ಕಳಿಸಿದಳು. "ಎಲ್ಲಿದೀಯ ಅಂತ ಕೇಳಲ್ಲ ಮಗಳೇ. ಉಂಡ್ಯಾ? ಅಷ್ಟು ಹೇಳು ಸಾಕು."
ಹನ್ನೆರಡು ಸಲ ಕೇಳಿದೆ. ಅತ್ತುಬಿಟ್ಟೆ. ಒಂದು ಕಾಲರ್ ಸುಟ್ಟು ಬೈಸಿಕೊಂಡೆ. ಇರಲಿ.

ಮಾರ್ಚ್ 13
ಅಕ್ಕನ ಮೆಸೇಜು. "ಅವ್ನು ಬಂದಿದ್ದ ಕಣೆ. ನಾನು ಒಳಗಿದ್ದಾಗ ಫೋನ್ ತೆಗೆದು ನೋಡಿದಾನೆ. ನಂಬರ್ ಬರ್ಕೊಂಡು ಹೋದ. ಅದು ನಿಂದಲ್ವಲ್ಲ, ಬಿಡು."
ಹೌದು, ನನ್ನದಲ್ಲ. ಆದರೂ ಊಟ ಸೇರಲಿಲ್ಲ.

ಮಾರ್ಚ್ 15
"ಯಾರೋ ಫೋನ್ ಮಾಡಿದ್ರು," ಅಂದರು ಮೇಡಂ. "ಇದು ಯಾವ ಅಂಗಡಿ, ಎಲ್ಲಿ ಬರುತ್ತೆ ಅಂತ. ಕೋಟು ಕೊಡ್ಬೇಕಂತೆ. ತುಂಬ ಮರ್ಯಾದಸ್ಥರು."
"ಹೇಳಿದ್ರಾ?"
"ಗಿರಾಕಿ ಕೇಳಿದ್ರೆ ಹೇಳ್ದೆ ಇರ್ತೀನಾ?"
ಕೈಯಲ್ಲಿ ಚೀಟಿಗಳ ಕಟ್ಟು. ಒಂದೊಂದರ ಮೇಲೂ ಅಂಗಡಿಯ ಹೆಸರು, ಬೀದಿ, ಕೆಳಗೆ ಅದೇ ನಂಬರು. ದಿನಕ್ಕೆ ಐವತ್ತು ಪಿನ್ ಮಾಡುವವಳು ನಾನೇ. ನಂಬರ್ ಬಚ್ಚಿಟ್ಟು ವಿಳಾಸ ಕೊಟ್ಟು ಕೂತಿದ್ದೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.
ಇರುವುದೂ ಅಂಗಡಿಯ ಹಿಂದಿನ ಕೋಣೆಯಲ್ಲೇ. ಬಿಟ್ಟು ಹೋಗುವುದೆಲ್ಲಿಗೆ?

ಮಾರ್ಚ್ 17, ಸಂಜೆ 4.10
ಇಸ್ತ್ರಿಯ ರಾಶಿಯಲ್ಲಿ ಕಂದು ಕೋಟು. ಎರಡನೇ ಗುಂಡಿಗೆ ನೀಲಿ ದಾರ. ಹೊಲಿದವಳು ನಾನು. ಕಂದು ದಾರ ಮುಗಿದಿತ್ತು ಅವತ್ತು. ಅಷ್ಟಕ್ಕೇ ಕೈ ತಿರುಚಿದ್ದ.
ಚೀಟಿಯಲ್ಲಿ ಮೇಡಂ ಅಕ್ಷರ — ಇವತ್ತು ಐದು ಗಂಟೆ, ತಾವೇ ಬಂದು ಒಯ್ಯುತ್ತಾರೆ.
ಹಿಂಬಾಗಿಲಿಲ್ಲ. ಹೊರಗೆ ಹೋಗಲು ಕೌಂಟರ್ ದಾಟಬೇಕು. ಮೇಡಂಗೆ ಎಲ್ಲ ಹೇಳಿಬಿಡಬೇಕು. ಗಿರಾಕಿಗಳು ಹೋಗಲಿ...

4.35
"ಕೋಟಿನವ್ರು ಆಗ್ಲೇ ಬಂದಿದಾರೆ. ಇಸ್ತ್ರಿ ಆಯ್ತೇನೆ?"
"ಬಂದೆ ಮೇಡಂ" — ಅಂದುಬಿಟ್ಟೆ. ಏಳು ತಿಂಗಳ ಅಭ್ಯಾಸ. ಹೊರಗೆ ಮಾತು ನಿಂತಿತು. ಕೌಂಟರಿನ ಹಲಗೆ ಎತ್ತಿದ ಸದ್ದು. ಮೇಡಂ ಅನ್ನುತ್ತಿದ್ದಾರೆ, ಸಾರ್, ಒಳಗೆ ಹೋಗೋ ಹಾಗಿಲ್ಲ, ಸಾರ್ —