ಹೊಲಿಗೆಯಿಲ್ಲದ ಲಂಗ

ಜೂನ್ ೧೧, ಬುಧವಾರ

ಯಾವ ಕ್ರೆಡಿಟ್ ಕಾರ್ಡ್ ಒಳ್ಳೆಯದು ಎಂದು ನೋಡಿ ನೋಡಿ ಒಂದು ವಾರದಿಂದ ತಲೆ ಕೆಟ್ಟಿದೆ. ನೀಲಿ ಕಾರ್ಡಿನಲ್ಲಿ ಸಿನಿಮಾ, ಧಾರಾವಾಹಿ ಆ್ಯಪ್‌ಗಳ ಚಂದಾಕ್ಕೆಲ್ಲ ಕ್ಯಾಶ್‌ಬ್ಯಾಕ್ ಇದೆ. ಕಡಲಿನ ಜೀವಿಗಳನ್ನು ತೋರಿಸುವ ಆ ಸಣ್ಣ ಆ್ಯಪ್‌ಗೆ ಮಾತ್ರ ಇಲ್ಲ.

"ಅದನ್ನ ಯಾರು ನೋಡ್ತಾರೆ? ಕಿತ್ತು ಹಾಕು," ಎಂದರು ಯಜಮಾನರು.

ಕಿತ್ತು ಹಾಕೋಣವೆಂದೇ ಸಂಜೆ ಟಿವಿ ಮುಂದೆ ಹೋದೆ. ಅತ್ತೆ ಹೊಲಿಗೆ ಯಂತ್ರ ಬಿಟ್ಟೆದ್ದು, ಕೊರಳಲ್ಲಿನ ಅಳತೆ ಟೇಪಿನ ಸಮೇತ ಅಲ್ಲಿ ನಿಂತಿದ್ದರು. ಪರದೆಯ ಕಪ್ಪು ನೀರಿನಲ್ಲಿ ಒಂದು ಜೆಲ್ಲಿ ಮೀನು ಲಂಗದ ಹಾಗೆ ಅರಳಿ, ಮುದುಡಿ, ಮತ್ತೆ ಅರಳುತ್ತ ಮೇಲೇರುತ್ತಿತ್ತು.

"ಆ ನೆರಿಗೆ ನೋಡೇ! ದಿನಾ ಹುಡುಕ್ತೀನಿ, ಎಲ್ಲೂ ಒಂದು ಹೊಲಿಗೆ ಸಿಗಲ್ಲ."

ಯಾವ ದರ್ಜಿಯ ಕೆಲಸಕ್ಕೂ ಹೆಸರಿಡದೆ ಬಿಡದ ಅತ್ತೆ ಮಗುವಿನಂತೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೂ ಮೈ ಜುಮ್ಮೆಂದಿತು. ಒಲೆಯ ಮೇಲಿನ ಹಾಲು ಉಕ್ಕಿ ಹರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ನಾಳೆ ನೀಲಿ ಕಾರ್ಡಿಗೇ ಅರ್ಜಿ ಹಾಕುತ್ತೇನೆ. ಕಡಲಿಗೆ ಮಾತ್ರ ಪೂರ್ತಿ ದುಡ್ಡು ಕೊಡುವುದು. ಅದಕ್ಕೆ ರಿಯಾಯಿತಿ ಕೇಳಲು ನನಗೇ ಯಾಕೋ ಬಾಯಿ ಬರುವುದಿಲ್ಲ.

ಕಣ್ಣು ಮುಚ್ಚಿದರೆ ಇನ್ನೂ ಅರಳುತ್ತಲೇ ಇದೆ. ಅಂಚಿನಗುಂಟ ನಾನೂ ಹುಡುಕುತ್ತಿದ್ದೇನೆ, ಎಲ್ಲಾದರೂ ಒಂದು ದಾರ…