‘ಕಾಯಿಲೆ ಇಲ್ಲ’ ಎಂದೇ ಬದುಕುಳಿದವಳ ಮದ್ದು ನಿಲ್ಲಿಸಿದವರಿಗೆ

ಪ್ರಾಂತ್ಯದ ಆರೋಗ್ಯ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ತಾಯಿ ಮಾಮ್ ಸಾರೂನ್, ಅರವತ್ತೆಂಟು ವರ್ಷದವಳು, ಸಂಪೂರ್ಣ ಆರೋಗ್ಯವಂತಳು ಎಂದು ತೀರ್ಮಾನಿಸಿ, ಗುರುವಾರಗಳಂದು ಆಕೆಗೆ ಸಿಗುತ್ತಿದ್ದ ಮನೋವೈದ್ಯೆಯ ಭೇಟಿಯನ್ನೂ ಮಾತ್ರೆಗಳನ್ನೂ ನೀವು ನಿಲ್ಲಿಸಿದ್ದೀರಿ. ಅಭಿನಂದನೆಗಳು. ಮೂರು ವರ್ಷ ಆ ವೈದ್ಯೆ ಹೆಣಗಿದರೂ ಅರ್ಧದಷ್ಟೇ ವಾಸಿಯಾಗಿದ್ದ ಕಾಯಿಲೆಯನ್ನು ತಾವು ಒಂದೇ ಸಹಿಯಲ್ಲಿ ಗುಣಪಡಿಸಿದಿರಿ. ತಮ್ಮ ಕೈಗುಣ ಅಂಥದ್ದು.

‘ಜೀವನದ ಗುಣಮಟ್ಟದ ಸಮೀಕ್ಷೆ’ಯಲ್ಲಿ ಆಕೆಗೆ ನೂರಕ್ಕೆ ತೊಂಬತ್ತಾರು ಅಂಕ ಬಂದಿದೆಯಂತೆ. ಅಷ್ಟೇ ಅಲ್ಲ, ನಮ್ಮ ಹಳ್ಳಿಯ ಅರವತ್ತು ದಾಟಿದ ಹೆಂಗಸರೆಲ್ಲರಿಗೂ ತೊಂಬತ್ತರ ಮೇಲೆಯೇ ಬಂದಿದೆ. ಅವರ ಮೊಮ್ಮಕ್ಕಳಿಗೆ ಎಪ್ಪತ್ತು. ಇದನ್ನು ನೋಡಿಯೂ ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ನಾಲ್ಕು ದಶಕದ ಹಿಂದೆ ಪೊಲ್ ಪೋಟ್ ಆಳಿದ ಕಾಲದಲ್ಲಿ ಹಸಿದು, ಮಣ್ಣು ಹೊತ್ತು, ಮಕ್ಕಳನ್ನು ಹೂತವರೇ ಈ ದೇಶದಲ್ಲಿ ಅತ್ಯಂತ ಸುಖಿಗಳು ಎಂದು ಹೇಳುವ ಕಾಗದಕ್ಕೆ ಮೊಹರು ಒತ್ತುವಾಗ ಕೈ ಒಂದಿಷ್ಟಾದರೂ ತಡೆಯಬೇಕಿತ್ತಲ್ಲ?

ಸಮೀಕ್ಷೆ ನಡೆದ ದಿನ ನಾನು ಮನೆಯಲ್ಲೇ ಮೀನಿಗೆ ಉಪ್ಪು ಹಾಕುತ್ತಿದ್ದೆ. ಕಪ್ಪು ಪ್ಯಾಂಟಿನ ಹುಡುಗಿಯೊಬ್ಬಳು ದಫ್ತರು, ಪೆನ್ನು ಹಿಡಿದು ಬಂದಳು. ಅಮ್ಮ ಚಾಪೆಯಿಂದ ಎದ್ದು ನಿಂತಳು. ಮತ್ತೆ ಕೂರಲೇ ಇಲ್ಲ.

“ಅಜ್ಜೀ, ಈ ತಿಂಗಳು ಹುಷಾರಿಲ್ಲ ಅಂತ ಯಾವತ್ತಾದ್ರೂ ಕೆಲ್ಸ ಬಿಟ್ಟಿದ್ರಾ?”

“ಇಲ್ಲ ಸಂಗಾತಿ ಅಕ್ಕ. ಒಂದಿನಾನೂ ಬಿಟ್ಟಿಲ್ಲ. ಮಣ್ಣು ಹೊರ್ತೀನಿ, ನಾಟಿ ಮಾಡ್ತೀನಿ.”

“ನೋವು ಗೀವು? ಮನಸ್ಸಿಗೆ ಬೇಜಾರು?”

“ಯಾಕೆ ಬೇಜಾರು? ಹೊಟ್ಟೆ ತುಂಬ ಗಂಜಿ ಸಿಗುತ್ತೆ.”

“ಓದು ಬರಹ?”

“ಅಕ್ಷರ ಗೊತ್ತಿಲ್ಲ ಅಕ್ಕ.”

ಅಮ್ಮ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಓದಿದವರನ್ನು ಪೊಲ್ ಪೋಟ್ ಕಡೆಯವರು ಕೊಲ್ಲುತ್ತಿದ್ದುದರಿಂದ ಅಕ್ಷರ ಬಚ್ಚಿಟ್ಟವಳು. ಮೊಮ್ಮಗಳ ವಯಸ್ಸಿನವಳನ್ನು ‘ಸಂಗಾತಿ ಅಕ್ಕ’ ಎಂದು ಅವಳು ಕರೆದಾಗಲೇ ಯಾವ ಕಾಲಕ್ಕೆ ಮರಳಿದ್ದಾಳೆಂದು ನನಗೆ ತಿಳಿಯಿತು. ಆ ಕಾಲದಲ್ಲಿ ಕಪ್ಪು ಬಟ್ಟೆಯ ಅಧಿಕಾರದವರನ್ನು ಕರೆಯಬೇಕಿದ್ದದ್ದು ಹಾಗೆ. ನಾನು ಓಡಿಬಂದು, “ಇದೆಲ್ಲ ಸುಳ್ಳು ತಂಗಿ, ನಾನು ಹೇಳ್ತೀನಿ ಬರ್ಕೋ,” ಎಂದೆ. “ರೋಗಿ ಬಾಯಿಂದ್ಲೇ ಬರ್ಬೇಕಕ್ಕ, ನಿಯಮ,” ಎಂದಳು. ಹೋಗುವಾಗ, “ಅಬ್ಬಾ ಅಜ್ಜಿ, ನನಗಿಂತ ನೀವೇ ಗಟ್ಟಿ!” ಎಂದು ಹೊಗಳಿದಳು. ಪಾಪ, ಅವಳದೇನೂ ತಪ್ಪಿಲ್ಲ. ಪ್ರಶ್ನೆ ಬರೆದ ಪುಣ್ಯಾತ್ಮರ ಮೇಲೆ ನನ್ನ ಸಿಟ್ಟು.

ಆಗ ನನ್ನ ಚಿಕ್ಕಮ್ಮ, ಅಮ್ಮನ ಒಡಹುಟ್ಟಿದ ತಂಗಿ ಥಿದಾ, ಒಂದು ಬೆಳಿಗ್ಗೆ ಕಾಲುವೆ ಅಗೆಯುವ ಗುಂಪಿನ ಮುಖ್ಯಸ್ಥೆಯ ಮುಂದೆ, “ಜ್ವರ ಬಂದಿದೆ, ಇವತ್ತು ಆಗಲ್ಲ,” ಎಂದಿದ್ದಳು. ಮುಖ್ಯಸ್ಥೆ ಪುಸ್ತಕದಲ್ಲಿ ಬರೆದುಕೊಂಡಳು. ಅಂದು ಚಿಕ್ಕಮ್ಮನ ಗಂಜಿ ಅರ್ಧವಾಯಿತು. ಮರುದಿನ ‘ಓದಿಸಲು’ ಕರೆದುಕೊಂಡು ಹೋದರು. ಮರಳಿ ಬರಲಿಲ್ಲ. ಪಕ್ಕದಲ್ಲೇ ಇದ್ದ ಅಮ್ಮನನ್ನೂ ಕೇಳಿದರಂತೆ. ನಾನು ಗಟ್ಟಿಯಾಗಿದ್ದೇನೆ, ಅವಳು ಯಾರೋ ಗೊತ್ತಿಲ್ಲ ಎಂದಳಂತೆ. ನಲವತ್ತು ವರ್ಷ ಬಚ್ಚಿಟ್ಟ ಈ ಮಾತನ್ನು ಅಮ್ಮ ಬಾಯಿಬಿಟ್ಟದ್ದು ನೀವು ನಿಲ್ಲಿಸಿದ ಆ ಗುರುವಾರಗಳಲ್ಲಿ ಒಂದರಂದು.

ಸತ್ಯ ಬೇಕಿದ್ದರೆ ನಾನು ಹೇಳುತ್ತೇನೆ, ಕೇಳಿ. ವಾರಕ್ಕೆ ಮೂರು ಸಲ ಅವಳಿಗೆ ಗಾಳಿ ಏರುತ್ತದೆ. ಕತ್ತು ಸೆಟೆದು, ಕಿವಿ ಗುಂಯ್‌ಗುಟ್ಟಿ, ನಿಂತಲ್ಲೇ ಕುಸಿಯುತ್ತಾಳೆ. ಆ ಗಾಳಿ ಇಳಿಸಲು ನಾನು ಮುಲಾಮು ಸವರಿ, ಬೆನ್ನಿಗೆ ನಾಣ್ಯದಿಂದ ಕೆಂಪು ಗೆರೆ ಏಳುವವರೆಗೂ ಉಜ್ಜುತ್ತೇನೆ. ರಕ್ತದೊತ್ತಡದ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಸಾಲಿನಲ್ಲಿ ನಿಲ್ಲಿಸಿ ಹೆಸರು ಕೂಗಿದರೆ ಅವಳು ಹಿಂಬಾಗಿಲಿನಿಂದ ಮನೆಗೆ ಬಂದುಬಿಡುತ್ತಾಳೆ. ಗೋಡೆಗೆ ಮುಖ ಮಾಡಿ, ಬಟ್ಟಲಿಗೆ ಕೈ ಅಡ್ಡ ಹಿಡಿದು ಉಣ್ಣುತ್ತಾಳೆ. ಚಿಕಿತ್ಸೆ ಸಿಗುತ್ತಿದ್ದಾಗ ಇದೆಲ್ಲ ಕಡಿಮೆಯಾಗಿ, ಸಂತೆಯಲ್ಲಿ ಅಕ್ಕಿ ಶಾವಿಗೆ ಮಾರುತ್ತಾ ಗಿರಾಕಿಗಳನ್ನು ರೇಗಿಸುವಷ್ಟು ಚೇತರಿಸಿಕೊಂಡಿದ್ದಳು. ಎರಡು ತಿಂಗಳಿಂದ ಸಂತೆಯೂ ಇಲ್ಲ, ನಗುವೂ ಇಲ್ಲ.

ನಿಮ್ಮ ಕಚೇರಿಗೆ ಬಂದು ಗೋಗರೆದೆ. “ಮುದುಕಿನೇ ಬರ್ಲಿ. ವೈದ್ಯರ ಮಂಡಳಿ ಮುಂದೆ ನಿಂತು ‘ನಾನು ಕಾಯಿಲೆಯವಳು’ ಅನ್ಲಿ. ಅದೇನು ಕಷ್ಟ?” ಎಂದರು ಗುಮಾಸ್ತರು. ಅದೇನು ಕಷ್ಟವೆಂದು ಈಗಲಾದರೂ ತಿಳಿಯಿತೇ, ಅಥವಾ ಇನ್ನೊಂದು ನಮೂನೆ ತುಂಬಬೇಕೇ?

ಹೋದ ಸೋಮವಾರ ಆ ಮಂಡಳಿಯಿಂದ ಅಮ್ಮನಿಗೆ ಕರೆಪತ್ರ ಬಂತು. ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಒಂಬತ್ತು, ಖುದ್ದು ಹಾಜರಿ, ಕೆಂಪು ಮೊಹರು. ಅಮ್ಮ ಅದನ್ನು ಸರಾಗವಾಗಿ ಓದಿದಳು. ಸ್ನಾನ ಮಾಡಿ, ಒಂದು ಲುಂಗಿ, ಒಂದು ಚಮಚ ಗಂಟು ಕಟ್ಟಿದಳು. ಕಿವಿಯ ಓಲೆ ಬಿಚ್ಚಿ ನನ್ನ ಅಂಗೈಗೆ ಒತ್ತಿದಳು.

“ಓದಿಸೋಕೆ ಕರೀತಿದ್ದಾರೆ ಮಗಳೇ. ನನ್ನ ಹಿಂದೆ ಬರ್ಬೇಡ. ಯಾರಾದ್ರೂ ಕೇಳಿದ್ರೆ ಈ ಮುದುಕಿ ಯಾರೋ ಗೊತ್ತಿಲ್ಲ ಅನ್ನು.”

ಎಷ್ಟು ಹೇಳಿದರೂ ಕೇಳಲಿಲ್ಲ. ಆದ್ದರಿಂದ ಬೇಡಿಕೆ ಇಷ್ಟು. ಹದಿನಾಲ್ಕಕ್ಕೆ ಮೊದಲು ಆ ಕರೆಪತ್ರವನ್ನು ರದ್ದು ಮಾಡಿ. ಗುರುವಾರದ ವೈದ್ಯೆಯನ್ನು ನಮ್ಮ ಹಳ್ಳಿಗೆ ಮರಳಿ ಕಳಿಸಿ. ಬದುಕುಳಿಯಲು ಸುಳ್ಳು ಕಲಿತವರಿಂದ ಸತ್ಯದ ಹೇಳಿಕೆ ಕೇಳುವ ನಿಯಮವನ್ನು ಸುಟ್ಟುಹಾಕಿ. ತಡಮಾಡಬೇಡಿ. ಸೋಮವಾರದಿಂದ ಅಮ್ಮ ನನ್ನನ್ನು ಮಗಳೇ ಎಂದು ಕರೆದಿಲ್ಲ. ಅನ್ನ ಬಡಿಸಿದರೆ, “ನೀನ್ಯಾರೋ ಗೊತ್ತಿಲ್ಲಮ್ಮ,” ಎನ್ನುತ್ತಾಳೆ. ನನ್ನನ್ನು ಉಳಿಸಲು ಅಭ್ಯಾಸ ಮಾಡುತ್ತಿದ್ದಾಳೆ.

ಇಂತಿ,
ಆರೋಗ್ಯವಂತಳೆಂದು ತಾವು ಸಾರಿದವಳಿಗೆ ಸದ್ಯ ಯಾರೂ ಅಲ್ಲದ,
ತೇಂಗ್ ಕೊಸೊಮಾ