ಕಮಾನಿನ ಲೆಕ್ಕ

ಕೋಲ್ಕತ್ತ
12 ಜುಲೈ 2024

ಪ್ರೀತಿಯ ಸೋಮಲಿಂಗ ಅವರಿಗೆ,

ನಿಮ್ಮ ಗಂಗಾಂಬಿಕಾಳ ನಮಸ್ಕಾರ. ಎದುರಿಗಿದ್ದಾಗ ಬರೀ ‘ರೀ’ ಎನ್ನುತ್ತಿದ್ದವಳು ನಾನು. ಎರಡು ವರ್ಷ ದೂರವಿದ್ದು ಗಂಡನ ಹೆಸರು ಬರೆಯುವಷ್ಟು ಜೋರಾಗಿದ್ದೇನೆ, ನಗಬೇಡಿ.

ಸೋಮವಾರ ನಿಮ್ಮ ಮೆಸೇಜು ಬಂತು. “ತೇಪಿ ಹಚ್ಚಿ ಸಾಕಾತು. ಬಾಯ್ಲರ್ ಭಟ್ಟಿ ಕಮಾನು ಹೊಸದಾಗಿ ಕಟ್ಟಸಾಕತ್ತೇವಿ. ನಿನ್ನ ಲೆಕ್ಕ ಬೇಕು. ನೀನೂ ಬಾ.” ಕೊನೆಯ ಎರಡು ಪದಗಳನ್ನು ಎಷ್ಟು ಸಲ ಓದಿದೆನೋ. ನಾನು ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಂತೆ, ನೀವು ಬೈಕಿನ ಮೇಲೆ ಕಾಲೂರಿ ಕಾಯುತ್ತಿದ್ದಂತೆ ಕಣ್ಣಿಗೆ ಕಟ್ಟಿತು. ತಲೆತುಂಬ ಕಬ್ಬಿನ ಸಿಪ್ಪೆಯ ಬೂದಿ ಹೊತ್ತು ಸಕ್ಕರೆ ಕಾರ್ಖಾನೆಯಿಂದ ಬರುತ್ತಿದ್ದಿರಿ. ನಾನು ಹೊಸ್ತಿಲಲ್ಲೇ ತಡೆದು ಜಳಕಕ್ಕೆ ಓಡಿಸುತ್ತಿದ್ದೆ. ಈಗ ಆ ಬೂದಿ ಹಾಸಿಗೆಯ ಮೇಲೆ ಉದುರಿದರೂ ಬೈಯಲಾರೆ. ಭಾನುವಾರ ಬನಹಟ್ಟಿ ಸೀರೆ ಉಟ್ಟು ಹಾಸ್ಟೆಲಿನ ಕೋಣೆಯಲ್ಲಿ ಸುಮ್ಮನೆ ಕೂರುತ್ತೇನೆ. ನಿಮ್ಮನ್ನು ಬಿಟ್ಟು ನನಗೆ ಇರಲಾಗುತ್ತಿಲ್ಲ.

ಆದರೆ ಬರುವ ಮೊದಲು ಒಂದು ಮಾತು ಹೇಳಬೇಕು. ನಾನು ಊರು ಬಿಡುವ ಮುಂಚಿನ ಕಬ್ಬು ಅರೆಯುವ ಹಂಗಾಮಿನಲ್ಲಿ ಕಮಾನು ಜೋತುಬಿದ್ದದ್ದು ಮೇಸ್ತ್ರಿ ಲಗಮಣ್ಣನ ಕೈಗುಣದಿಂದಲ್ಲ, ನನ್ನ ಲೆಕ್ಕದಿಂದ.

ಒಳಗೆಲ್ಲ ಸಣ್ಣ ರಂಧ್ರಗಳಿರುವ ಹಗುರ ಇಟ್ಟಂಗಿ ಹಾಕಿದರೆ ಶಾಖ ಉಳಿಯುತ್ತದೆ ಎಂದು ನಿಮ್ಮ ತಲೆಗೆ ತುಂಬಿದವಳು ನಾನೇ. ಆಗ ನನ್ನ ಪಿಎಚ್‌ಡಿಯೂ ಅದರ ಮೇಲೆಯೇ. ಸಾವಿರ ಡಿಗ್ರಿ ಮೀರಿದ ಕಾವಿನಲ್ಲಿ ಭಾರ ಹೊತ್ತ ಇಟ್ಟಂಗಿ ಥಟ್ಟನೆ ಒಡೆಯುವುದಿಲ್ಲ, ದಿನಕ್ಕೆ ಕೂದಲೆಳೆಯಷ್ಟು ಬಾಗುತ್ತ ಹೋಗುತ್ತದೆ. ಆ ಬಾಗನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ನನ್ನ ಕೆಲಸ. ನಾನು ಪ್ರಯೋಗದ ಮೊದಲ ನೂರು ಗಂಟೆಗಳಲ್ಲಿ ಇಟ್ಟಂಗಿ ಬಾಗಿದ ವೇಗವನ್ನೇ ಹಿಡಿದು ಮೂರು ಹಂಗಾಮಿಗೆ ಎಳೆದುಬಿಟ್ಟೆ. ಕಾವು ತಿಂದಷ್ಟೂ ರಂಧ್ರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ನಡುವಿನ ಗೋಡೆ ತೆಳುವಾಗುತ್ತದೆ, ಆಮೇಲೆ ಬಾಗುವ ವೇಗ ಏಕಾಏಕಿ ಏರುತ್ತದೆ. ಅದನ್ನು ನಾನು ಹಿಡಿದಿರಲೇ ಇಲ್ಲ. ಕಳೆದ ವಾರ ಹಳೆಯ ಫೈಲು ತೆಗೆದಾಗ ತಪ್ಪು ಕಣ್ಣಿಗೆ ಬಿತ್ತು. ಆ ಕಮಾನಿಗೆ ಮೂರು ತಿಂಗಳೂ ಆಯುಷ್ಯವಿರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ ಎಂಬುದು ದೇವರ ದಯೆ.

ಕಟ್ಟುವ ದಿನವೇ ಲಗಮಣ್ಣ ಇಟ್ಟಂಗಿಯನ್ನು ಬೆರಳಿನಿಂದ ಬಡಿದು ನೋಡಿ, “ಅಕ್ಕಾರ, ಇದು ಗ್ವಾಡಿ ಹಿಂದ ಹಾಕೂ ಇಟ್ಟಂಗಿರಿ, ಕಮಾನಕ್ಕ ತಡಿಯೂದಿಲ್ಲ” ಅಂದಿದ್ದ. ನಾನು ನಕ್ಕಿದ್ದೆ. ಜೋತುಬಿದ್ದ ಮೇಲೆ ನೀವು, ಖರೆ ಹೇಳು, ಲೆಕ್ಕ ಬರೋಬರಿ ಇತ್ತಲ್ಲ ಎಂದು ಒಂದೇ ಸಲ ಕೇಳಿದಿರಿ. ಕಟ್ಟಿದವರ ಕೈಯೇ ಸರಿಯಿಲ್ಲ ಎಂದುಬಿಟ್ಟೆ. ನನ್ನ ಮಾತು ನಂಬಿ, ಇಪ್ಪತ್ತು ವರ್ಷ ನಿಮ್ಮ ಜೊತೆ ದುಡಿದವನನ್ನು ಕೆಲಸದಿಂದ ಬಿಡಿಸಿದಿರಿ. ಆಮೇಲೆ ಬೀಳಗಿ ಸಂತೆಯಲ್ಲಿ ಅವನು ಎದುರಾದಾಗ ನೀವು ತಲೆ ತಗ್ಗಿಸಿ ಬೇರೆ ದಾರಿ ಹಿಡಿದದ್ದನ್ನು ಕಂಡೆ. ಮರುವಾರವೇ ಇಲ್ಲಿಯ ಕೆಲಸಕ್ಕೆ ಒಪ್ಪಿಕೊಂಡೆ. ನನಗೆ ಮನೆಗಿಂತ ನೌಕರಿ ದೊಡ್ಡದಾಯಿತೆಂದು ನೀವು ತಿಳಿದಿರಿ. ನಿಮ್ಮ ಮುಖ ನೋಡಲಾಗದೆ ಬಂದೆ, ಅಷ್ಟೇ.

ಹೊಸ ಲೆಕ್ಕ ಜೊತೆಗಿಟ್ಟಿದ್ದೇನೆ. ಲಗಮಣ್ಣನ ಮನೆಗೆ ನೀವೇ ಹೋಗಿ ಕರೆಯಿರಿ, ಈ ಪತ್ರ ಓದಿ ಹೇಳಿ, ಲೆಕ್ಕವನ್ನೂ ತೋರಿಸಿ. ಅವನು ಈ ಲೆಕ್ಕ ಬೇಡವೆಂದರೆ ಅವನ ಮಾತೇ ನಡೆಯಲಿ. ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಇಷ್ಟು ಓದಿದ ಮೇಲೂ ನೀವು ಕರೆದರೆ ಸಿಕ್ಕ ರೈಲು ಹತ್ತುತ್ತೇನೆ.

ನಿಮ್ಮವಳೇ ಆದ
ಗಂಗಾಂಬಿಕಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದೆ. ತಪ್ಪು ಕಳೆದ ವಾರ ತಿಳಿಯಿತು ಎಂದು ಬರೆದದ್ದು ಸುಳ್ಳು. ಬಾಯ್ಲರಿಗೆ ಬೆಂಕಿ ಹಚ್ಚುವ ಪೂಜೆಗೆ ಆ ವರ್ಷ ನಮ್ಮಿಬ್ಬರನ್ನು ಕೂರಿಸಿದ್ದರಲ್ಲ, ಅಂದು ಬೆಳಿಗ್ಗೆಯೇ ನನಗೆ ಗೊತ್ತಾಗಿತ್ತು. ನನ್ನ ಸೆರಗಿಗೂ ನಿಮ್ಮ ಶಲ್ಯಕ್ಕೂ ಗಂಟು ಹಾಕಿದ್ದರು. “ನಮ್ಮಾಕಿ ಹಾಕಿದ ಲೆಕ್ಕರಿ ಇದು” ಎಂದು ನೀವು ಬಂದವರಿಗೆಲ್ಲ ಹೇಳುತ್ತಿದ್ದಿರಿ. ನಿಲ್ಲಿಸಿ ಎನ್ನಬೇಕಾದವಳು ನಾನು. ನಿಮ್ಮ ಕೈಯ ಮೇಲೆ ಕೈಯಿಟ್ಟು ನಾನೂ ಬೆಂಕಿ ಹಚ್ಚಿದೆ.